ಮನಸ್ಸನ್ನು ಸುಮ್ಮನೆ ನೋಡುವದರ ಕುರಿತು ಒಂದು ಪಾಠ



ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟದ ರಸ್ತೆಯಲ್ಲಿ, ಹುಳಿಮಾವು ಎಂಬ ಊರು ಉಂಟು. ಹಿಂದೆ ಅದು ಹೊಲ, ತೋಟ, ಕೆರೆಗಳುಳ್ಳ ಹಳ್ಳಿಯಾಗಿತ್ತು. ಈಗ ಪಟ್ಟಣವು ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆ ಊರಿನ ಹೆಸರನ್ನು ಇನ್ನೊಂದು ಸಾರಿ ಮೆಲ್ಲಗೆ ಓದಿರಿ. ಹುಳಿ, ಮಾವು. ಎಳೆಯ ಹಸುರು ಕಾಯನ್ನು ಕಲ್ಲಿಗೆ ಬಡಿದು ಒಡೆದು, ಉಪ್ಪುಖಾರ ಹಚ್ಚಿದ ಹೋಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಂತೆ ನೆನಸಿರಿ. ಬಾಯಲ್ಲಿ ನೀರೂರಿತಲ್ಲವೇ?

ಕಾಯಿ ಎಲ್ಲಿಯೂ ಇಲ್ಲ. ಕೈಯಲ್ಲಿರುವದು ಕಾಗದ. ಹಾಗಾದರೆ ಏನು ನಡೆಯಿತೆಂದು ಬಿಡಿಸಿ ನೋಡೋಣ. ಕಣ್ಣು ಅಕ್ಷರಗಳನ್ನು ಕಂಡಿತು. ಮನಸ್ಸು ಇಲ್ಲದ ಕಾಯನ್ನು ತಂದು ಎದುರಿಗಿಟ್ಟಿತು. ಶರೀರವು ಅದನ್ನು ನಿಜವೆಂದು ನಂಬಿ ನೀರು ಸುರಿಸಿತು. ಇಷ್ಟರ ವರೆಗೆ ನಮಗೂ ನಾಯಿಗೂ ಹೆಚ್ಚು ಭೇದವಿಲ್ಲ. ಯಾಕಂದರೆ ಊಟಕ್ಕೆ ಮುಂಚೆ ಪ್ರತಿಸಾರಿಯೂ ಒಂದು ಶಬ್ದವನ್ನು ಕೇಳಿಸುತ್ತಾ ಬಂದರೆ, ಕಡೆಗೆ ಊಟವಿಲ್ಲದೆ ಆ ಶಬ್ದದಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವದೆಂದು ರಷ್ಯಾ ದೇಶದ ಪಾವ್ಲೋವನೆಂಬ ಪಂಡಿತನು ನೂರು ವರುಷಗಳ ಹಿಂದೆಯೇ ತೋರಿಸಿಕೊಟ್ಟನು. ಆದರೆ ಇವೆಲ್ಲವುಗಳ ಬಳಿಕ ನಾಲ್ಕನೆಯ ಒಂದು ಸಂಗತಿ ನಡೆಯಿತು. “ನನ್ನ ಬಾಯಲ್ಲಿ ನೀರೂರಿತು” ಎಂಬದು ನಿಮಗೆ ತಿಳಿಯಿತು. ನೀರೂರುವದು ಬೇರೆ, ಅದು ತಿಳಿಯುವದು ಬೇರೆ. (ನಾಯಿಗೆ ಈ ತಿಳುವಳಿಕೆ ಎಷ್ಟರ ಮಟ್ಟಿಗೆ ಇದೆಯೋ, ನಾಯಿ ಸಾಕಿದವರು ಅದನ್ನು ನಮಗಿಂತ ಚೆನ್ನಾಗಿ ಬಲ್ಲರು.) ಆ ನಾಲ್ಕನೆಯದರ ಕುರಿತೇ ಈ ತಿಂಗಳಿನ ಪಾಠ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಚ್ಚರ, ಪ್ರಜ್ಞೆ, ಗಮನ, ಅರಿವು ಎಂದು ಹಲವು ಮಾತುಗಳುಂಟು. ಅವೆಲ್ಲವೂ ಒಂದೇ ಅಲ್ಲ. ನಿದ್ದೆ ತಿಳಿದು ಕಣ್ಣು ತೆರೆದವನಿಗೆ ಎಚ್ಚರವಾಯಿತು ಎನ್ನುತ್ತೇವೆ. ಎಚ್ಚರವಾಗಿದ್ದವನಿಗೆಲ್ಲಾ ಗಮನವಿರುವದೆಂದು ಹೇಳಲಾಗದು. ಹೊಲದಿಂದ ಮನೆಗೆ ನಡೆದು ಬಂದವನನ್ನು, ದಾರಿಯಲ್ಲಿ ಯಾರು ಎದುರಾದರು ಎಂದು ಕೇಳಿ ನೋಡಿರಿ. ಕಾಲು ನಡೆಯಿತು, ಕಣ್ಣು ತೆರೆದಿತ್ತು, ಕೆಸರು ಬಂದಲ್ಲಿ ಪಕ್ಕಕ್ಕೆ ಸರಿದನು. ಆದರೂ ದಾರಿಯು ಅವನಿಗೆ ತಿಳಿಯದು. ಮನಸ್ಸು ಸಾಲದ ಲೆಕ್ಕದಲ್ಲಿತ್ತು. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಕೂತವರಲ್ಲಿ ಎಷ್ಟು ಮಂದಿ ಕೊಟ್ಟಿಗೆಯಲ್ಲಿಯೂ ಪೇಟೆಯಲ್ಲಿಯೂ ಇರುವರೆಂಬದನ್ನು ನಾವು ಬರೆಯಬೇಕಾಗಿಲ್ಲ. ನಡಿಸುವವರೂ ಕೆಲವು ಸಾರಿ ಅಲ್ಲಿಯೇ ಇರುತ್ತಾರೆ.

ಇದು ನಮ್ಮ ಹಳ್ಳಿಗಳ ದೋಷವೇನೂ ಅಲ್ಲ. ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು 2,250 ಮಂದಿಯನ್ನು ಅವರ ಮೊಬೈಲ್ ಫೋನಿನ ಮೂಲಕ ಆಗಾಗ್ಗೆ ತಡೆದು, “ಈಗ ನೀವು ಮಾಡುವ ಕೆಲಸದಲ್ಲಿಯೇ ನಿಮ್ಮ ಮನಸ್ಸು ಇದೆಯೋ” ಎಂದು ಕೇಳುತ್ತಾ ಬಂದರು. ನೂರಕ್ಕೆ ಸುಮಾರು 47 ಸಾರಿ ಮನಸ್ಸು ಬೇರೆ ಕಡೆಯಲ್ಲಿತ್ತು. ಅವರು 2010 ರಲ್ಲಿ ಇದನ್ನು ಪ್ರಕಟಿಸಿದರು. ಹೀಗೆ ಅಲೆಯುತ್ತಿರುವಾಗ ಜನರು ಸಂತೋಷವಾಗಿರುವದು ಕಡಿಮೆ ಎಂದೂ ಅವರು ಕಂಡುಕೊಂಡರು. ಎಚ್ಚರವಾಗಿರುವ ಹೊತ್ತಿನಲ್ಲಿ ಹತ್ತಿರ ಹತ್ತಿರ ಅರ್ಧವು ಹೀಗೆ ನಮಗೆ ತಿಳಿಯದೆ ಹೋಗುತ್ತದೆ.

ಆದಕಾರಣ ಎಲ್ಲಾ ಕಾಲದಲ್ಲಿಯೂ ಕೆಲವರು ಜನರ ಗದ್ದಲವನ್ನು ಬಿಟ್ಟು ಸುಮ್ಮನೆ ಕೂತುಕೊಳ್ಳುವ ಸ್ಥಳವನ್ನು ಹುಡುಕಿದರು. ಅದೇ ಹುಳಿಮಾವಿನಲ್ಲಿ ಬಂಡೆಯ ಹೊಟ್ಟೆಯೊಳಗೆ ಒಂದು ಗುಹೆಯಿದೆ. ಅಲ್ಲಿ ಶಿವಲಿಂಗದ ಗುಡಿಯುಂಟು. ರಾಮಾನಂದ ಸ್ವಾಮಿಗಳೆಂಬವರು ಬಹು ಕಾಲ ಆ ಗುಹೆಯಲ್ಲಿ ಧ್ಯಾನಮಾಡುತ್ತಿದ್ದರೆಂದೂ ಅವರ ಸಮಾಧಿಯು ಅಲ್ಲಿಯೇ ಇದೆಯೆಂದೂ ಹೇಳುತ್ತಾರೆ. ಅದು ನಮ್ಮ ಆರಾಧನೆಯ ಸ್ಥಳವಲ್ಲವಾದರೂ, ಅಲ್ಲಿ ಕೂತವರ ಪ್ರಯಾಸವು ಎಂಥದೆಂದು ತಿಳಿಯುವದಕ್ಕೆ ನಮಗೆ ಅಡ್ಡಿಯಿಲ್ಲ. ಹೊರಗೆ ರಸ್ತೆಯಲ್ಲಿ ಲಾರಿ ಬಸ್ಸುಗಳ ಕೂಗು, ಮೆಟ್ರೋ ರೈಲಿನ ಕಂಬಗಳ ಸಾಲು. ಬಂಡೆಯ ಒಳಗೆ ಕಾಲಿಟ್ಟರೆ ತಂಪು, ಮಬ್ಬು ಬೆಳಕು; ಗದ್ದಲವು ಹಿಂದೆ ಉಳಿಯುವದು. ಆದರೆ ಒಂದು ಗದ್ದಲವು ಬಾಗಿಲಲ್ಲಿ ನಿಲ್ಲುವದಿಲ್ಲ. ಹೊರಗೆ ಸದ್ದು ಇರುವಾಗ ಒಳಗಿನ ಮಾತು ನಮಗೆ ಕೇಳಿಸುವದಿಲ್ಲ. ಹೊರಗಿನದು ನಿಂತ ಕೂಡಲೆ ಒಳಗಿನದು ಬಲವಾಗಿ ಕೇಳಿಸುವದು. ಗುಹೆಯಾಗಲಿ, ಬೀಗ ಹಾಕಿದ ಕೋಣೆಯಾಗಲಿ, ಮನಸ್ಸನ್ನು ಸುಮ್ಮನಿರಿಸುವದಿಲ್ಲ.

ಇದನ್ನು ಹಿಂದಿನವರು ಬಲ್ಲವರಾಗಿದ್ದರು. ಸುಮಾರು 1600 ವರುಷಗಳ ಹಿಂದೆ ಐಗುಪ್ತದ ಅಡವಿಯಲ್ಲಿ ಎವಾಗ್ರಿಯನೆಂಬ ಕ್ರೈಸ್ತ ಸನ್ಯಾಸಿಯು ವಾಸವಾಗಿದ್ದನು. ಅವನು 399 ರಲ್ಲಿ ತೀರಿಕೊಂಡನು. ಹೆಂಡತಿ ಮಕ್ಕಳು, ಹೊಲ, ಹಣ ಒಂದೂ ಇಲ್ಲದ ಮರಳುಗಾಡಿನಲ್ಲಿ ಸನ್ಯಾಸಿಗಳಿಗೆ ಏನು ಉಪದ್ರವವೆಂದು ಕೇಳಿದರೆ, ಅವರ ಆಲೋಚನೆಗಳೇ ಉಪದ್ರವ. ಎವಾಗ್ರಿಯನು ಅವುಗಳನ್ನು ಎಂಟು ವಿಧವಾಗಿ ವಿಂಗಡಿಸಿದನು. ಯಾವ ಆಲೋಚನೆಯು ಯಾವ ಹೊತ್ತಿನಲ್ಲಿ ಬರುತ್ತದೆ, ಯಾವದರ ಹಿಂದೆ ಯಾವದು ಬರುತ್ತದೆ, ಯಾವದು ಬೇಗನೆ ಹೋಗುತ್ತದೆ, ಯಾವದು ನಿಲ್ಲುತ್ತದೆ ಎಂದು, ಕುರುಬನು ಕುರಿಗಳನ್ನು ಗುರುತಿಸುವ ಹಾಗೆ ನೋಡಿಕೊಳ್ಳಬೇಕೆಂದು ಅವನ ಬೋಧೆ. ಅವನಿಗಿಂತ ಎಷ್ಟೋ ಮುಂಚೆ ನಮ್ಮ ದೇಶದಲ್ಲಿ ಬೌದ್ಧರು, ಮನಸ್ಸು ಕೋಪಗೊಂಡಿರುವಾಗ ಅದು ಕೋಪಗೊಂಡಿದೆಯೆಂದು ತಿಳಿಯುವದನ್ನೇ ಒಂದು ಅಭ್ಯಾಸವಾಗಿ ಕಲಿಸಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಅರಿವು ಎಂಬ ಕನ್ನಡದ ಸಣ್ಣ ಮಾತಿಗೆ ದೊಡ್ಡ ಸ್ಥಾನವನ್ನು ಕೊಟ್ಟರು. ತನ್ನನ್ನು ಪರಿಶೋಧಿಸಿ ತನ್ನ ಆಲೋಚನೆಗಳನ್ನು ತಿಳಿಯಬೇಕೆಂದು ದೇವರನ್ನು ಬೇಡಿಕೊಂಡ ಕೀರ್ತನೆಗಾರನನ್ನು ವಾಚಕರು ಬಲ್ಲರು. ಇವರ ಮತಗಳು ಬೇರೆಬೇರೆ, ಕೋರಿದ ಫಲವೂ ಬೇರೆ. ಆದರೆ ಮನಸ್ಸನ್ನು ನೋಡಬಹುದು, ನೋಡಬೇಕು ಎಂಬದರಲ್ಲಿ ಒಬ್ಬರಿಗೂ ಸಂಶಯವಿರಲಿಲ್ಲ.

ನೋಡುವದು ಹೇಗೆಂದರೆ, ಅದಕ್ಕೆ ಗುಹೆಯೂ ಬೇಡ, ಪದ್ಮಾಸನವೂ ಬೇಡ. ಮನೆಯ ಜಗಲಿಯು ಸಾಕು. ಬೆಳಗ್ಗೆ ದನ ಕರೆದಾದ ಮೇಲೆ ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರು ಬರುವದನ್ನೂ ಹೋಗುವದನ್ನೂ ಗಮನಿಸಿರಿ. ಉಸಿರನ್ನು ಹಿಡಿಯಬೇಡಿರಿ, ಎಳೆಯಬೇಡಿರಿ. ಮನಸ್ಸನ್ನು ಬರಿದು ಮಾಡಬೇಕೆಂದು ಹೋರಾಡಬೇಡಿರಿ. ಅದು ಆಗದ ಕೆಲಸ. ಬನ್ನೇರುಘಟ್ಟದ ರಸ್ತೆಯ ಬಸ್‌ಸ್ಟಾಪಿನಲ್ಲಿ ನಿಂತವನನ್ನು ನೆನಸಿರಿ. 365 ನೆಯ ನಂಬರಿನ ಬಸ್ಸು ಬರುತ್ತದೆ, ನಿಲ್ಲುತ್ತದೆ, ಕಂಡಕ್ಟರನು ಕೂಗುತ್ತಾನೆ, ಹೋಗುತ್ತದೆ. ಬಂದ ಬಸ್ಸಿಗೆಲ್ಲಾ ಅವನು ಹತ್ತಬೇಕೆಂಬ ನಿಯಮವಿಲ್ಲ. ಆಲೋಚನೆಯೂ ಹಾಗೆಯೇ ಬರುವದು, ಕರೆಯುವದು. ಹತ್ತದೆ ನಿಂತರೆ ಹೋಗುವದು. ಆದರೆ ವಾಚಕರೇ, ನಿಜವಾಗಿ ನಡೆಯುವದು ಇಷ್ಟು ಸುಲಭವಲ್ಲ. ಹತ್ತಬಾರದೆಂದು ನಿಂತವನಿಗೆ, ತಾನು ಯಾವಾಗಲೋ ಹತ್ತಿ ಕೂತು ಜಿಗಣಿಯ ತನಕ ಬಂದುಬಿಟ್ಟಿದ್ದೇನೆಂದು ಆಮೇಲೆ ತಿಳಿಯುತ್ತದೆ. ಆಗ ತನ್ನನ್ನು ಬೈದುಕೊಳ್ಳದೆ ಇಳಿದು ತಿರಿಗಿ ಉಸಿರಿನ ಕಡೆಗೆ ಬರಬೇಕು. ಹೋಗಿಬಿಟ್ಟೆನೆಂದು ತಿಳಿದ ಆ ಕ್ಷಣವೇ ಅಭ್ಯಾಸದ ತಿರುಳು. ಮೊದಲು ಹೇಳಿದ ನಾಲ್ಕನೆಯ ಸಂಗತಿಯು ಅಲ್ಲಿಯೇ ಸಿಕ್ಕುವದು.

ಇದರಿಂದ ದೊಡ್ಡ ಶಕ್ತಿಗಳು ಬರುವವೆಂದು ಯಾರೂ ಆಶಿಸಬಾರದು. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಯೋಗಿಗಳ ಮಿದುಳಿನ ವಿದ್ಯುತ್ತನ್ನು ಅಳೆದ ವೈದ್ಯರು, ಅವರಲ್ಲಿ ಇಬ್ಬರು 4 ಡಿಗ್ರಿಯ ತಣ್ಣೀರಿನಲ್ಲಿ 45 ರಿಂದ 55 ನಿಮಿಷಗಳ ವರೆಗೆ ಕೈಯಿಟ್ಟುಕೊಂಡಿದ್ದರೂ ಮಿದುಳಿನ ಶಾಂತವಾದ ಅಲೆಗಳು ಕದಲಲಿಲ್ಲವೆಂದು 1961 ರಲ್ಲಿ ಬರೆದರು. ಅದು ಆಶ್ಚರ್ಯವೇ ಸರಿ. ನಮ್ಮ ವಾಚಕರಿಗೆ ತಣ್ಣೀರಿನಲ್ಲಿ ಕೈಯಿಡುವ ಕೆಲಸ ಗದ್ದೆಯಲ್ಲಿ ಬೇಕಾದಷ್ಟಿದೆ. ನಾವು ಕಲಿಯಬೇಕಾದದ್ದು ಇದಕ್ಕಿಂತ ಚಿಕ್ಕದು.

ಅದು ಏನೆಂದು ನಮ್ಮ ಸ್ವಂತ ಅನುಭವದಿಂದ ಹೇಳುತ್ತೇವೆ. ಒಂದು ವರುಷ ಸುಗ್ಗಿಯ ಹಬ್ಬದ ಹರಾಜಿನ ಬಳಿಕ ನಮ್ಮ ಸಭೆಯ ಹಿರಿಯರೊಬ್ಬರು ಕೂಟದಲ್ಲಿ ಎದ್ದು, “ಉಪದೇಶಿಗಳ ಲೆಕ್ಕದಲ್ಲಿ ಎರಡು ಚೀಲ ರಾಗಿ ಕಾಣುವದಿಲ್ಲವಲ್ಲಾ” ಎಂದರು. ಆ ರಾಗಿಯನ್ನು ನಾವು ಒಬ್ಬ ವಿಧವೆಯ ಮನೆಗೆ ಕೊಡಿಸಿದ್ದೆವು, ಪುಸ್ತಕದಲ್ಲಿ ಬರೆದಿರಲಿಲ್ಲ. ಎಲ್ಲರ ಮುಂದೆ ನಮ್ಮನ್ನು ಕಳ್ಳನಂತೆ ನಿಲ್ಲಿಸಿದರೆಂದು ನಮಗೆ ಬಹಳ ನೋವಾಯಿತು. ಅಂದಿನಿಂದ ನಾವು ಅವರ ಮನೆಯ ಮುಂದೆ ಹೋಗುವಾಗ ದಾರಿಯ ಆಚೇ ಬದಿಯಲ್ಲಿ ನಡೆಯುತ್ತಿದ್ದೆವು. ವಂದನೆ ಮಾತ್ರ ಉಳಿಯಿತು, ಅದೂ ಆದಿತ್ಯವಾರದಲ್ಲಿ.

ಈ ಅಭ್ಯಾಸಕ್ಕೆ ಕೂತ ಮೊದಲನೆಯ ಬೆಳಗ್ಗೆ ಏನೇನು ಬರುತ್ತದೋ ಎಣಿಸಿದೆವು. ಕರೆಂಟಿನ ಬಿಲ್ಲು, ಕೆಮ್ಮುವ ಮೇಕೆ, ಮಗನ ಶಾಲೆಯ ಫೀಸು ಇವು ಒಂದೊಂದು ಸಾರಿ ಬಂದವು. ಆ ಕೂಟದ ಜಗಳವು ಹತ್ತು ನಿಮಿಷದಲ್ಲಿ ಹನ್ನೊಂದು ಸಾರಿ ಬಂತು! ನಾವು ಅದನ್ನು ಮರೆತೆವೆಂದು ನಮ್ಮ ಹೆಂಡತಿಗೆ ಹೇಳಿದ್ದೆವು. ಮರುದಿನವೂ ಹಾಗೆಯೇ. ಕೆಲವು ದಿನಗಳ ಮೇಲೆ ಒಂದು ಸಂಗತಿಯನ್ನು ಕಂಡೆವು. ಜಗಳದ ನೆನಪು ಬರುವದಕ್ಕೆ ಮುಂಚೆಯೇ ಎದೆಯು ಬಿಗಿಯುತ್ತಿತ್ತು, ದವಡೆ ಕಚ್ಚಿಕೊಳ್ಳುತ್ತಿತ್ತು. ಮಾತುಗಳು ಆ ಬಳಿಕ ಬರುತ್ತಿದ್ದವು. ಶರೀರವು ಮೊದಲು ಕೋಪಗೊಂಡು, ಮನಸ್ಸು ಅದಕ್ಕೆ ತಕ್ಕ ಕಥೆಯನ್ನು ಆಮೇಲೆ ತರುವಂತೆ ಇತ್ತು.

ಇನ್ನೂ ಕೆಲವು ದಿನಗಳಾದ ಮೇಲೆ ಎರಡನೆಯದನ್ನು ಕಂಡೆವು. ಆ ಕಥೆಯು ಪ್ರತಿಸಾರಿಯೂ ಒಂದೇ ಸ್ಥಳದಲ್ಲಿ ಹಾರುತ್ತಿತ್ತು. ಅವರು ಎದ್ದು ರಾಗಿಯ ಮಾತೆತ್ತಿದರು. ಜನರು ತಿರುಗಿ ನಮ್ಮನ್ನು ನೋಡಿದರು. ಕೂಡಲೆ ನಾವು ಮನೆಯಲ್ಲಿ ಊಟವಿಲ್ಲದೆ ಮಲಗಿದ್ದೆವು. ನಡುವೆ ಏನೋ ಇಲ್ಲ. ಆ ನಡುವಿನದನ್ನು ಹುಡುಕದೆ, ಕಥೆಯು ಹಾರುವದನ್ನೇ ನೋಡುತ್ತಾ ಕೂತೆವು. ಒಂದು ಬೆಳಗ್ಗೆ ಅದು ತಾನಾಗಿ ಬಂತು. ನಾವು ಅವರಿಗೆ, “ಮೊದಲು ನಿಮ್ಮ ತಂದೆಯ ಕಾಲದ ಲೆಕ್ಕವನ್ನು ತನ್ನಿರಿ” ಎಂದಿದ್ದೆವು. ಅವರ ತಂದೆ ಆ ಸಭೆಯ ಕಟ್ಟಡಕ್ಕೆ ಕಲ್ಲು ಹೊತ್ತವರು. ಅವರ ಲೆಕ್ಕದಲ್ಲಿ ತಪ್ಪಿತ್ತೆಂದು ನಮಗೆ ಎಳ್ಳಷ್ಟೂ ತಿಳಿದಿರಲಿಲ್ಲ, ನೋಯಿಸಬೇಕೆಂದೇ ಹೇಳಿದೆವು. ಅಷ್ಟು ತಿಂಗಳು ನಮ್ಮ ಮನಸ್ಸು ಆ ಒಂದು ವಾಕ್ಯವನ್ನು ನಮ್ಮಿಂದ ಬಚ್ಚಿಟ್ಟುಕೊಂಡಿತ್ತು. ಅವರ ಪ್ರಶ್ನೆಯಾದರೋ ನ್ಯಾಯವಾದದ್ದೇ, ಪುಸ್ತಕದಲ್ಲಿ ಬರೆದಿರಲಿಲ್ಲವಷ್ಟೆ.

ಹುಳಿಮಾವಿನ ಕೆರೆಯ ಏರಿಯು 2019 ನೆಯ ನವೆಂಬರ್ 24 ರಲ್ಲಿ, ಆದಿತ್ಯವಾರ, ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ ಎಲ್ಲವೂ ಕೆಸರಾದವು. ಏರಿ ಒಡೆದ ಮೇಲೆ ಸಾವಿರ ಜನರು ಕೂಡಿದರೂ ಹೋದ ನೀರು ಹಿಂದಕ್ಕೆ ಬಾರದು. ಏರಿಯಲ್ಲಿ ತೇವವು ಕಾಣಿಸಿದಾಗಲಾದರೆ ಒಬ್ಬನೇ ನೀರುಗಂಟಿಯು ಒಂದು ಮಂಕರಿ ಮಣ್ಣು ಹಾಕಾನು. ಎದೆ ಬಿಗಿದದ್ದು ತಿಳಿದವನಿಗೆ, ಬಾಯಿ ತೆರೆಯುವದಕ್ಕೆ ಮುಂಚೆ ಅಷ್ಟು ಸಮಯವು ಸಿಕ್ಕುತ್ತದೆ. ಆ ಕೂಟದಲ್ಲಿ ನಮಗೆ ಅದು ತಿಳಿದಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬರೆಯದೆ ಮುಂದೆ ಹೋಗಕೂಡದು. ಕೆಲವರಿಗೆ ಒಳಗೆ ನೋಡುವದು ಒಳ್ಳೇದಲ್ಲ. ಬಹು ದಿನಗಳಿಂದ ನಿದ್ದೆಯೂ ಊಟವೂ ಬೇಡವಾದವರು, ಸಾಯಬೇಕೆಂಬ ಆಲೋಚನೆಯುಳ್ಳವರು, ಯಾರೂ ಇಲ್ಲದಿರುವಾಗ ಸ್ವರಗಳು ಕೇಳಿಸುವವರು ಒಂಟಿಯಾಗಿ ಕೂತು ಮನಸ್ಸನ್ನು ನೋಡುತ್ತಾ ಇರಬಾರದು. ಅಂಥವರಿಗೆ ದೆವ್ವ ಹಿಡಿದಿದೆಯೆಂದು ಹೇಳಿ ಉಪವಾಸ ಹಾಕಿಸುವದು ಕ್ರೂರತನ. 14416 ಎಂಬ ನಂಬರಿಗೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್ ಎಂಬ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತಾಡುವವರು ಸಿಕ್ಕುತ್ತಾರೆ. ಅದು 2022 ರಲ್ಲಿ ಆರಂಭವಾಯಿತು, ಹಣವಿಲ್ಲ.

ಈಗ ಆ ಹಿರಿಯರ ಸಂಗತಿಗೆ ಬರುವೆವು. ನಾವು ಅವರ ಬಳಿಗೆ ಹೋಗಬೇಕೆಂದು ನಿಶ್ಚಯಿಸಿ, ಈ ವಾರ, ಮುಂದಿನ ವಾರ ಎಂದು ತಡಮಾಡಿದೆವು. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ತಂದಾಗ ಕಣ್ಣು ತೆರೆದಿದ್ದವು. ಕರೆದರೆ ತಿರುಗುವದಿಲ್ಲ, ಕೈ ಹಿಡಿದರೆ ಹಿಡಿಯುವದಿಲ್ಲ. ಬಾಯಿಗೆ ಗಂಜಿ ಹಾಕಿದರೆ ನುಂಗುವರು. ಅವರ ಮಗಳು ನಮ್ಮನ್ನು ಕೇಳಿದಳು: “ಅಯ್ಯನವರೇ, ಅಪ್ಪನಿಗೆ ನಾವು ಮಾತಾಡುವದು ತಿಳಿಯುತ್ತದೆಯೋ?”

ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿದ್ವಾಂಸರೂ ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎಂಬ ದೊಡ್ಡ ಆಸ್ಪತ್ರೆಯುಂಟು. ಮೊದಲಿನ ಮಾನಸಿಕ ಆಸ್ಪತ್ರೆಯನ್ನೂ 1954 ರಲ್ಲಿ ಹುಟ್ಟಿದ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ 1974 ರಲ್ಲಿ ಒಂದುಗೂಡಿಸಿ ಅದನ್ನು ಮಾಡಿದರು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಮನುಷ್ಯನ ಮಿದುಳನ್ನು ನೋಡುವದಕ್ಕೂ ಕೈಯಿಂದ ಮುಟ್ಟುವದಕ್ಕೂ ಬಂದವರಿಗೆ ಅವಕಾಶವಿದೆ. ಮಿದುಳಿನ ತೂಕವು ಒಂದೂಕಾಲು ಕಿಲೋವಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಎಣಿಸಿದ್ದಾರೆ. ಯಾವ ಭಾಗಕ್ಕೆ ಪೆಟ್ಟಾದರೆ ಮಾತು ಹೋಗುವದು, ಯಾವ ಭಾಗಕ್ಕಾದರೆ ಕೈ ಬೀಳುವದು ಎಂಬದನ್ನು ವೈದ್ಯರು ಬಲ್ಲರು. ಆದರೆ ಆ ಮುದ್ದೆಯಲ್ಲಿ ಮಾವಿನ ಕಾಯಿಯ ಹುಳಿಯು ಹುಳಿಯಾಗಿ ತೋರುವದು ಹೇಗೆ? ಕೋಶದಿಂದ ಕೋಶಕ್ಕೆ ವಿದ್ಯುತ್ತು ಹರಿದರೆ ಒಬ್ಬನಿಗೆ ಏನಾದರೂ ಅನಿಸುವದು ಯಾಕೆ? ಡೇವಿಡ್ ಚಾಮರ್ಸ್ ಎಂಬ ತತ್ವಜ್ಞಾನಿಯು 1995 ರಲ್ಲಿ ಇದನ್ನೇ ಅರಿವಿನ ಕಠಿಣ ಸಮಸ್ಯೆಯೆಂದು ಕರೆದನು. ಅದಕ್ಕೆ ಎಲ್ಲರೂ ಒಪ್ಪುವ ಉತ್ತರವು ಈ ವರೆಗೆ ಬಂದಿಲ್ಲ. ಮಿದುಳನ್ನು ಕೈಯಲ್ಲಿ ಹಿಡಿದವನಿಗೂ, ಅದರ ಒಡೆಯನಿಗೆ ಏನು ತಿಳಿದಿತ್ತೆಂಬದು ಕೈಗೆ ಸಿಕ್ಕುವದಿಲ್ಲ.

ಆದರೂ ಒಂದು ಕಿಟಕಿ ತೆರೆದಿದೆ. ಇಂಗ್ಲೆಂಡಿನಲ್ಲಿ 23 ವರುಷದ ಒಬ್ಬ ಸ್ತ್ರೀಯು ರಸ್ತೆಯ ಅಪಘಾತದಲ್ಲಿ ತಲೆಗೆ ಪೆಟ್ಟು ತಗಲಿ, ಐದು ತಿಂಗಳು ಕಳೆದರೂ ಮಾತಿಗೆ ಯಾವ ಉತ್ತರವನ್ನೂ ಕೊಡದೆ ಮಲಗಿದ್ದಳು. ಅವಳಿಗೆ ಅರಿವಿಲ್ಲವೆಂದು ಎಲ್ಲರೂ ತಿಳಿದಿದ್ದರು. ಏಡ್ರಿಯನ್ ಓವನ್ ಎಂಬ ವಿದ್ವಾಂಸರೂ ಅವರ ಜೊತೆಯವರೂ ಅವಳನ್ನು ಮಿದುಳಿನ ರಕ್ತದ ಓಟವನ್ನು ತೋರಿಸುವ ಯಂತ್ರದಲ್ಲಿ ಮಲಗಿಸಿ, “ನೀನು ಟೆನಿಸ್ ಆಡುತ್ತಿರುವಂತೆ ನೆನಸು” ಎಂದು ಹೇಳಿದರು. ಆಟವನ್ನು ನೆನಸುವ ಆರೋಗ್ಯವಂತರ ಮಿದುಳಿನಲ್ಲಿ ಯಾವ ಭಾಗವು ಚುರುಕಾಗುವದೋ, ಅವಳ ಮಿದುಳಿನಲ್ಲಿಯೂ ಅದೇ ಭಾಗವು ಚುರುಕಾಯಿತು. “ನಿನ್ನ ಮನೆಯ ಕೋಣೆಗಳಲ್ಲಿ ನಡೆದಾಡುವಂತೆ ನೆನಸು” ಎಂದಾಗ ಬೇರೆ ಭಾಗಗಳು ಚುರುಕಾದವು. ಬೆರಳನ್ನೂ ಎತ್ತಲಾರದವಳು ಮಾತನ್ನು ಕೇಳಿ, ತಿಳಿದು, ನೆನಸಿದಳು. ಇದು 2006 ರಲ್ಲಿ ಪ್ರಕಟವಾಯಿತು. 2024 ರಲ್ಲಿ ಹಲವು ಆಸ್ಪತ್ರೆಗಳವರು ಕೂಡಿ, ಹೇಳಿದ ಮಾತಿಗೆ ಹೊರಗೆ ಯಾವ ಉತ್ತರವನ್ನೂ ತೋರಿಸದ 241 ಮಂದಿಯನ್ನು ಹೀಗೆಯೇ ಪರೀಕ್ಷಿಸಲು, ಅವರಲ್ಲಿ 60 ಮಂದಿಯ ಮಿದುಳು ಒಳಗೆ ಉತ್ತರ ಕೊಟ್ಟಿತು. ಅಂದರೆ ನಾಲ್ವರಲ್ಲಿ ಒಬ್ಬರು. ಉಳಿದ ಮೂವರಿಗೆ ಅರಿವಿಲ್ಲವೆಂದು ಇದರಿಂದ ಹೇಳಲಾಗದು. ಉತ್ತರವು ಕಾಣಲಿಲ್ಲವೆಂದು ಮಾತ್ರ ಹೇಳಬಹುದು.

ಹಿರಿಯರಿಗೆ ಇಂಥ ಪರೀಕ್ಷೆಯು ಆಗಲಿಲ್ಲ. ನಮ್ಮಂಥ ಊರುಗಳಲ್ಲಿ ಅದು ಆಗುವ ಮಾತೂ ಅಲ್ಲ. ನಾವು ಆ ಮಗಳಿಗೆ, “ತಿಳಿಯುತ್ತದೆಂದು ಪ್ರಮಾಣಮಾಡಲಾರೆವು, ತಿಳಿಯುವದಿಲ್ಲವೆಂದು ಹೇಳುವ ಹಕ್ಕೂ ನಮಗಿಲ್ಲ” ಎಂದೆವು. ಆ ಮನೆಯಲ್ಲಿ ಅಂದಿನ ವರೆಗೆ ಅವರ ಮಂಚದ ಪಕ್ಕದಲ್ಲಿಯೇ ಜಮೀನಿನ ಪಾಲಿನ ಮಾತು, ಎಷ್ಟು ದಿನ ಉಳಿದಾರೆಂಬ ಮಾತು ನಡೆಯುತ್ತಿತ್ತು. ಅವಳು ಅದನ್ನು ಹಜಾರಕ್ಕೆ ಸಾಗಿಸಿದಳು. ಒಳಗೆ ಬರುವವರು ತಮ್ಮ ಹೆಸರನ್ನು ಹೇಳಿ ಬರಬೇಕೆಂದೂ, ಮೈ ಒರಸುವದಕ್ಕೆ ಮುಂಚೆ ಒರಸುತ್ತೇವೆಂದು ಹೇಳಬೇಕೆಂದೂ ಏರ್ಪಾಡು ಮಾಡಿದಳು. ರೋಗಿಗಳನ್ನು ಸಂದರ್ಶಿಸುವವರು ಇದನ್ನು ಜ್ಞಾಪಕದಲ್ಲಿಟ್ಟರೆ ಒಳ್ಳೇದು. ಜೋರಾಗಿ ಕೂಗುವದು ಬೇಡ, ಕಿವುಡರಲ್ಲ.

ನಾವು ಹೋದದ್ದು ಒಂದು ಗುರುವಾರ ಸಾಯಂಕಾಲ. ಮಂಚದ ಬಳಿಯಲ್ಲಿ ಕೂತಾಗ ನಮ್ಮ ಎದೆಯು ಬಿಗಿಯಿತು, ಅದು ತಿಳಿಯಿತು. ಹಳೆಯ ಕಥೆಯೂ ಬಾಗಿಲ ವರೆಗೆ ಬಂತು, ಅದೂ ತಿಳಿಯಿತು. ಸ್ವಲ್ಪ ಹೊತ್ತು ಉಸಿರನ್ನು ನೋಡಿ, ನಮ್ಮ ಹೆಸರನ್ನು ಹೇಳಿದೆವು. ರಾಗಿಯನ್ನು ಬರೆಯದೆ ಬಿಟ್ಟದ್ದು ನಮ್ಮ ತಪ್ಪೆಂದೂ, ಅವರ ತಂದೆಯ ಕುರಿತು ಆಡಿದ ಮಾತು ಸುಳ್ಳೆಂದೂ, ಅದನ್ನು ಮುಂದಿನ ಕೂಟದಲ್ಲಿ ಎಲ್ಲರ ಮುಂದೆ ಹೇಳುವೆವೆಂದೂ ಅವರಿಗೆ ತಿಳಿಸಿದೆವು. ಅವರ ಕಣ್ಣುಗಳು ಮೊದಲಿನಂತೆಯೇ ಕಿಟಕಿಯ ಕಡೆಗಿದ್ದವು. ಕೈ ಕದಲಲಿಲ್ಲ. ಅರ್ಧ ಗಂಟೆ ಕೂತು ಎದ್ದೆವು.

ಅಂದು ರಾತ್ರಿ ಅಪ್ಪ ಗಂಜಿಯನ್ನು ಪೂರ್ತಿ ಕುಡಿದರೆಂದು ಮಗಳು ಮರುದಿನ ಹೇಳಿದಳು. ಹಿಂದಿನ ದಿನವೂ ಕುಡಿದಿದ್ದರೋ ಎಂದು ಕೇಳಿದೆವು. ಕುಡಿದಿದ್ದರು ಎಂದಳು.